ಚಳಿಗಾಲದ ಬೆಳಗ್ಗೆ ಹಳೆಯ ಪೆಟ್ರೋಲ್ ಗಾಡಿ ಸ್ಟಾರ್ಟ್ ಆಗುತ್ತಿಲ್ಲವೇ?

ಹೊಸೂರು: ತಮಿಳಿನವರು ಮಾರ್ಗಳಿ ಎನ್ನಲಿ, ನಾವು ಧನುರ್ಮಾಸ ಎನ್ನಲಿ, ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು ಕಡೆ ಚಳಿ ಒಂದೇ. ಕೃಷ್ಣಗಿರಿ ಪಟ್ಟಣದವರಿಗೆ ಇದು ಅಷ್ಟಾಗಿ ತಿಳಿಯದು, ಅವರು ಘಟ್ಟದ ಕೆಳಗಿದ್ದಾರೆ. ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ತಳಿ ಅದಕ್ಕಿಂತ ಮೇಲೆ. ಬೆಳಗಿನ ಜಾವ ಹೂವು, ಕೊತ್ತಂಬರಿ, ಟೊಮೆಟೊ ತುಂಬಿ ಹೊರಡಬೇಕಾದ ಗಾಡಿ ಅರ್ಧ ಗಂಟೆ ಸ್ಟಾರ್ಟ್ ಆಗದಿದ್ದರೆ ಆ ದಿನದ ರೇಟು ಕೈತಪ್ಪಿದಂತೆಯೇ.

ಇಂದು ನಮ್ಮ ಕಡೆ ಪಿಕಪ್ ಎಂದರೆ ಹೆಚ್ಚಾಗಿ ಡೀಸೆಲ್ ಗಾಡಿ. ಅದರಲ್ಲಿ ಕಾರ್ಬ್ಯುರೇಟರೂ ಇಲ್ಲ, ಚೋಕೂ ಇಲ್ಲ. ಹೀಟರ್ ಪ್ಲಗ್ ಇರುವ ಗಾಡಿಯಾದರೆ ಕೀ ತಿರುಗಿಸಿ, ಹೀಟರ್ ದೀಪ ಆರುವವರೆಗೆ ಕಾದು, ಆಮೇಲೆ ಸೆಲ್ಫ್ ಹೊಡೆಯಬೇಕು. ಈ ಲೇಖನ ಅದರ ಬಗ್ಗೆ ಅಲ್ಲ. ಹಿಂದಿನ ಸೀಟು ತೆಗೆದು ಸಾಮಾನು ತುಂಬುವ ಹಳೆಯ ಮಾರುತಿ ಓಮ್ನಿ, ಹಿಂಭಾಗ ತೆರೆದ ಹಳೆಯ ಪೆಟ್ರೋಲ್ ಜೀಪು, ಇಂತಹ ಕಾರ್ಬ್ಯುರೇಟರ್ ಗಾಡಿಗಳನ್ನು ಇನ್ನೂ ಓಡಿಸುತ್ತಿರುವವರಿಗಾಗಿ ಈ ಮಾಹಿತಿ.

ಚಳಿಗೂ ಪೆಟ್ರೋಲಿಗೂ ಏನು ಸಂಬಂಧ?

ಇಂಜಿನ್ನಿನಲ್ಲಿ ಉರಿಯುವುದು ದ್ರವ ಪೆಟ್ರೋಲ್ ಅಲ್ಲ, ಪೆಟ್ರೋಲಿನ ಆವಿ. ತಣ್ಣಗಿರುವ ಇಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಮ್ಯಾನಿಫೋಲ್ಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ಸಿಲಿಂಡರಿಗೆ ತಲುಪುವುದು ಬರೀ ಗಾಳಿ. ಆದ್ದರಿಂದ ಸ್ವಲ್ಪ ಹೊತ್ತು ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚು ಕೊಡಬೇಕು. ಆ ಕೆಲಸಕ್ಕೇ ಚೋಕ್ ಇರುವುದು. ಕಾರ್ಬ್ಯುರೇಟರಿನ ಬಾಯಲ್ಲಿರುವ ತಗಡಿನ ಮುಚ್ಚಳ ಮುಚ್ಚಿಕೊಂಡು ಗಾಳಿಯನ್ನು ತಡೆಯುತ್ತದೆ.

ಈಗ ಇನ್ನೊಂದು ವಿಷಯ ಸೇರಿಕೊಂಡಿದೆ. 2023ರಿಂದ ದೇಶದಲ್ಲಿ ಹಂತಹಂತವಾಗಿ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದಿದೆ. ಆವಿಯಾಗಲು ಎಥೆನಾಲಿಗೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಜೊತೆಗೆ ಅದು ಉರಿಯಲು ಬೇಕಾದ ಗಾಳಿ ಕಡಿಮೆ, ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಹೊಸ ಗಾಡಿಯ ಕಂಪ್ಯೂಟರ್ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಹಳೆಯ ಕಾರ್ಬ್ಯುರೇಟರಿನ ಜೆಟ್ಟಿಗೆ ಆ ಬುದ್ಧಿ ಎಲ್ಲಿಂದ ಬರಬೇಕು! "ಹೋದ ವರ್ಷದವರೆಗೂ ಚೆನ್ನಾಗಿತ್ತು, ಈಗ ಹೀಗಾಗಿದೆ" ಎನ್ನುವವರು ಈ ಕಾರಣವನ್ನೂ ನೆನಪಿಡಿ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಕೂಡ ಎಥೆನಾಲಿನಿಂದ ಬೇಗ ಹಾಳಾಗಬಹುದು.

ಮೊದಲು ಸದ್ದು ಕೇಳಿ

ರಿಪೇರಿಗೆ ಕೈ ಹಾಕುವ ಮುನ್ನ ಸೆಲ್ಫ್ ಹೊಡೆದು ಕಿವಿಗೊಡಿ. ಇಂಜಿನ್ ನಿಧಾನವಾಗಿ ಎಳೆದೆಳೆದು ತಿರುಗುತ್ತಿದ್ದರೆ ತಪ್ಪು ಬ್ಯಾಟರಿ ಕಡೆ. ಚುರುಕಾಗಿ ತಿರುಗಿಯೂ ಹಿಡಿಯದಿದ್ದರೆ ಪೆಟ್ರೋಲ್ ಬರುತ್ತಿಲ್ಲ ಅಥವಾ ಕರೆಂಟ್ ಬರುತ್ತಿಲ್ಲ. ಹಿಡಿದು ಮರುಕ್ಷಣ ಆಫ್ ಆಗುತ್ತಿದ್ದರೆ ಚೋಕ್, ಐಡ್ಲಿಂಗ್ ಜೆಟ್ ಅಥವಾ ಎಲ್ಲೋ ಗಾಳಿ ಎಳೆಯುತ್ತಿರುವ ಪೈಪನ್ನು ನೋಡಬೇಕು. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಬ್ಯಾಟರಿ ಪೂರ್ತಿ ಚಾರ್ಜ್ ಇದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿ. ಆದರೆ ಹೊಸ ಬ್ಯಾಟರಿಗೆ ಹಣ ಕೊಡುವ ಮುನ್ನ ಟರ್ಮಿನಲ್ ಬಿಚ್ಚಿ ನೋಡಿ. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಬಾಡಿಗೆ ಹೋಗುವ ಅರ್ಥ್ ವೈರನ್ನೂ ಮರೆಯಬೇಡಿ.

ಚೋಕ್: ಎಳೆದರೆ ಸಾಲದು, ಮುಚ್ಚಬೇಕು

ಬಹಳ ಜನ ಇಲ್ಲೇ ಎಡವುತ್ತಾರೆ. ಒಳಗಿನ ಗುಂಡಿ ಪೂರ್ತಿ ಎಳೆದಿರುತ್ತಾರೆ, ಆದರೆ ಕೇಬಲ್ ಸಡಿಲವಾಗಿ ಕಾರ್ಬ್ಯುರೇಟರಿನ ಮುಚ್ಚಳ ಅರ್ಧಕ್ಕೇ ನಿಂತಿರುತ್ತದೆ. ಓಮ್ನಿಯಾದರೆ ಮುಂದಿನ ಸೀಟು ಎತ್ತಿದರೆ ಇಂಜಿನ್ ಸಿಗುತ್ತದೆ. ಏರ್ ಫಿಲ್ಟರ್ ಕಡೆಯ ಭಾಗ ಬಿಚ್ಚಿ, ಒಬ್ಬರು ಗುಂಡಿ ಎಳೆಯಲಿ, ಇನ್ನೊಬ್ಬರು ಟಾರ್ಚ್ ಹಿಡಿದು ನೋಡಲಿ. ಮುಚ್ಚಳ ಪೂರ್ತಿ ಮುಚ್ಚಬೇಕು, ಬಿಟ್ಟಾಗ ಪೂರ್ತಿ ತೆರೆಯಬೇಕು. ಇಲ್ಲದಿದ್ದರೆ ಕೇಬಲ್ ಹಿಡಿದಿರುವ ಸ್ಕ್ರೂ ಸಡಿಲಿಸಿ, ಎಳೆದು ಬಿಗಿಮಾಡಿದರೆ ಆಯಿತು. ಖರ್ಚಿಲ್ಲದ ಈ ಕೆಲಸ ಬಿಟ್ಟು ಕಾರ್ಬ್ಯುರೇಟರನ್ನೇ ಬದಲಾಯಿಸಿದವರಿದ್ದಾರೆ.

ಸ್ಟಾರ್ಟ್ ಮಾಡುವ ಕ್ರಮವೂ ಮುಖ್ಯ. ಚೋಕ್ ಪೂರ್ತಿ ಎಳೆಯಿರಿ. ಆಕ್ಸಿಲರೇಟರ್ ಒಂದೆರಡು ಸಲ ಒತ್ತಿ ಕಾಲು ತೆಗೆಯಿರಿ, ಕ್ಲಚ್ ಒತ್ತಿ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷ ಬಿಡಿ. ಹಿಡಿದ ಮೇಲೆ ಚೋಕನ್ನು ಅರ್ಧಕ್ಕೆ ತಂದು, ಒಂದೆರಡು ನಿಮಿಷದಲ್ಲಿ ಪೂರ್ತಿ ಒಳಗೆ ತಳ್ಳಿ. ಚೋಕ್ ಎಳೆದೇ ಹೊಸೂರಿನವರೆಗೆ ಓಡಿಸಿದರೆ ಪ್ಲಗ್ಗಿಗೆ ಮಸಿ ಹಿಡಿದು ನಾಳೆ ಬೆಳಗ್ಗೆ ಮತ್ತೆ ಇದೇ ಕಥೆ.

ಪೆಟ್ರೋಲ್ ವಾಸನೆ ಜೋರಾಗಿ ಬಂದರೆ ಫ್ಲಡ್ ಆಗಿದೆ ಎಂದರ್ಥ. ಆಗ ಚೋಕ್ ಒಳಗೆ ತಳ್ಳಿ, ಐದು ನಿಮಿಷ ಬಿಟ್ಟು, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಿರಿ. ಪದೇ ಪದೇ ಒತ್ತಿ ಬಿಡಬೇಡಿ, ಒತ್ತಿದಷ್ಟೂ ಪೆಟ್ರೋಲ್ ಒಳಗೆ ಹೋಗುತ್ತದೆ.

ಮಂಜು ಮತ್ತು ಕರೆಂಟ್

ಮಂಜು ಬಿದ್ದ ರಾತ್ರಿ ಹೊರಗೆ ನಿಲ್ಲಿಸಿದ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕೂರುತ್ತದೆ. ಬಿಚ್ಚಿ ಒಣಬಟ್ಟೆಯಿಂದ ಒಳಗೂ ಹೊರಗೂ ಒರೆಸಿ. ಪ್ಲಗ್ ವೈರ್ ಸೀಳಿದೆಯೇ ಎಂದು ತಿಳಿಯಬೇಕಾದರೆ ಕತ್ತಲಲ್ಲಿ ಇಂಜಿನ್ ಓಡುವಾಗ ನೋಡಿ, ಕಿಡಿ ಹಾರುವುದು ಕಾಣುತ್ತದೆ. ಪಾಯಿಂಟ್ ಇರುವ ಹಳೆಯ ಗಾಡಿಯಾದರೆ ಅದು ಸುಟ್ಟಿದೆಯೇ ಎಂದೂ ನೋಡಿಸಿ.

ಪ್ಲಗ್ ಬಿಚ್ಚಿದರೆ ಬಹಳ ವಿಷಯ ತಿಳಿಯುತ್ತದೆ. ತಿಳಿ ಕಂದು ಬಣ್ಣವಿದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ. ಒದ್ದೆಯಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಫ್ಲಡ್ ಆಗಿದೆ. ಇಷ್ಟು ಸೆಲ್ಫ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲೇ ತಲುಪಿಲ್ಲ: ಫಿಲ್ಟರ್, ಪಂಪ್, ಪೈಪು ನೋಡಬೇಕು. ದಿನವೂ ಬಹಳ ಹೊತ್ತು ತಿರುಗಿದ ಮೇಲೆಯೇ ಹಿಡಿಯುವ ಗಾಡಿಯಲ್ಲಿ ರಾತ್ರಿ ಪೆಟ್ರೋಲ್ ಪಂಪಿನಿಂದ ಹಿಂದಕ್ಕೆ ಇಳಿದುಹೋಗುತ್ತಿರಬಹುದು.

ವಾರಗಟ್ಟಲೆ ನಿಂತ ಗಾಡಿಯಾದರೆ ಫಿಲ್ಟರ್ ಬಳಿ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಎಥೆನಾಲ್ ನೀರನ್ನು ಹೀರುತ್ತದೆ, ಮಿತಿ ಮೀರಿದಾಗ ನೀರಿನೊಂದಿಗೆ ತಳಕ್ಕೆ ಇಳಿಯುತ್ತದೆ. ಆಗ ಟ್ಯಾಂಕ್ ಖಾಲಿ ಮಾಡಿಸದೆ ಬೇರೆ ದಾರಿ ಇಲ್ಲ.

ಗ್ಯಾಸ್ ಕಿಟ್ ಹಾಕಿಸಿದವರು ಚಳಿಯಲ್ಲಿ ಪೆಟ್ರೋಲಿನಲ್ಲೇ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಗ್ಯಾಸಿಗೆ ತಿರುಗಿಸಬೇಕು. ತಿಂಗಳುಗಟ್ಟಲೆ ಗ್ಯಾಸಿನಲ್ಲೇ ಓಡಿಸಿದರೆ ಕಾರ್ಬ್ಯುರೇಟರ್ ಒಣಗಿ, ಜೆಟ್ಟಿನಲ್ಲಿ ಅಂಟು ಕಟ್ಟುತ್ತದೆ.

ಹೊಸೂರಿನಲ್ಲೇ ತಯಾರಾಗುವ ಟಿವಿಎಸ್ ಎಕ್ಸ್‌ಎಲ್ ಇಟ್ಟುಕೊಂಡವರಿಗೂ ಒಂದು ಮಾತು: 2020ರಲ್ಲಿ ಬಿ.ಎಸ್. 6 ಬಂದಾಗ ಅದೂ ಫ್ಯೂಯೆಲ್ ಇಂಜೆಕ್ಷನ್ ಆಯಿತು. ಹಳೆಯ ಕಾರ್ಬ್ಯುರೇಟರ್ ಎಕ್ಸ್‌ಎಲ್‌ಗೆ ಚೋಕ್, ಪ್ಲಗ್ ವಿಷಯದಲ್ಲಿ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ.

ಇವೆರಡು ಮಾತ್ರ ಮಾಡಬೇಡಿ

ಕಾರ್ಬ್ಯುರೇಟರಿನ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವ ಅಭ್ಯಾಸ ಹಲವರಿಗಿದೆ. ಇಂಜಿನ್ ಒಮ್ಮೆ ಹಿಂದಕ್ಕೆ ಹೊಡೆದರೆ ಬೆಂಕಿ ಮೇಲಕ್ಕೆ ಬರುತ್ತದೆ. ಓಮ್ನಿಯಲ್ಲಿ ಅದು ಬರುವುದು ಸೀಟಿನ ಕೆಳಗಿನಿಂದ, ಕೈಯಲ್ಲಿ ಪೆಟ್ರೋಲ್ ಬಾಟಲಿಯೂ ಇರುತ್ತದೆ. ಕಿಡಿ ಪರೀಕ್ಷೆ ಮಾಡುವಾಗಲೂ ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು.

ಎರಡನೆಯದು, ಚಳಿಯೆಂದು ಶೆಡ್ಡಿನ ಬಾಗಿಲು ಮುಚ್ಚಿ ಇಂಜಿನ್ ಬಿಸಿ ಮಾಡುವುದು. ಚೋಕ್ ಎಳೆದ ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಬಹಳ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುವುದು ಗೊತ್ತಾಗುವ ಹೊತ್ತಿಗೆ ಎದ್ದು ಬಾಗಿಲು ತೆಗೆಯುವ ಶಕ್ತಿ ಇರುವುದಿಲ್ಲ. ಗಾಡಿಯನ್ನು ಹೊರಗೆ ತಳ್ಳಿಯೇ ಸ್ಟಾರ್ಟ್ ಮಾಡಿ.

ಇಷ್ಟೆಲ್ಲ ನೋಡಿಯೂ ಸರಿಹೋಗದಿದ್ದರೆ ಕಂಪ್ರೆಷನ್ ಮತ್ತು ಟ್ಯಾಪೆಟ್ ಗ್ಯಾಪ್ ಪರೀಕ್ಷೆ ಮಾಡಿಸಿ. ವಾಲ್ವ್ ಬಿಗಿಯಾದ ಇಂಜಿನ್ ಬಿಸಿಯಿದ್ದಾಗ ಓಡಿ, ತಣ್ಣಗಾದಾಗ ಕೈಕೊಡುವುದುಂಟು. ಕಾರ್ಬ್ಯುರೇಟರ್ ಕಿಟ್, ಪಂಪ್ ಡಯಾಫ್ರಾಮ್ ಹೊಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಹೋಗುವಾಗ ಹಳೆಯ ಸಾಮಾನನ್ನು ಕೈಯಲ್ಲೇ ಒಯ್ಯಿರಿ.