ಮೆಕ್ಯಾನಿಕಲ್ ಕೀಬೋರ್ಡಿನ ಒಂದು ಕೀಲಿ ಮಾತ್ರ ಕೈಕೊಟ್ಟರೆ: ಬೆಸುಗೆಯ ದೋಷ ಪತ್ತೆಮಾಡುವುದು ಹೇಗೆ?

ಕೀಬೋರ್ಡಿನ ಉಳಿದೆಲ್ಲ ಕೀಲಿಗಳೂ ಸರಿಯಾಗಿವೆ, ಒಂದು ಅಕ್ಷರ ಮಾತ್ರ ಮೂಡುತ್ತಿಲ್ಲ. ಸ್ವಲ್ಪ ಓರೆಯಾಗಿ ಒತ್ತಿದರೆ ಮೂಡುತ್ತದೆ, ಬಿಟ್ಟು ಮತ್ತೆ ಒತ್ತಿದರೆ ಇಲ್ಲ. ಮೆಕ್ಯಾನಿಕಲ್ ಕೀಬೋರ್ಡ್ ಬಳಸುವವರಿಗೆ ಇದು ಹೊಸದಲ್ಲ. ಇಂತಹ ಸಂದರ್ಭದಲ್ಲಿ ಕೀಬೋರ್ಡ್ ಬಿಚ್ಚಿ, ಅನುಮಾನ ಬಂದ ಜಾಗಕ್ಕೆಲ್ಲ ಇನ್ನಷ್ಟು ಬೆಸುಗೆ ಸುರಿಯುವವರಿದ್ದಾರೆ. 'ಬೆಸುಗೆ ಹೆಚ್ಚಾದಷ್ಟೂ ಜೋಡಣೆ ಗಟ್ಟಿ' ಎಂಬ ನಂಬಿಕೆ ಇದಕ್ಕೆ ಕಾರಣ. ಈ ನಂಬಿಕೆ ತಪ್ಪು. ದೋಷ ಎಲ್ಲಿದೆಯೆಂದು ತಿಳಿಯದೆ ಪದೇ ಪದೇ ಕಾಯಿಸಿದರೆ, ಐದು ನಿಮಿಷದ ರಿಪೇರಿ ಬೋರ್ಡನ್ನೇ ಹಾಳುಮಾಡಬಹುದು.

ಬೆಸುಗೆ ಅಂಟಲ್ಲ

ಬೆಸುಗೆಗೆ ಬಳಸುವ ಸೋಲ್ಡರ್ ತಂತಿಯ ಮುಖ್ಯ ಲೋಹ ತವರ. ಶೇ. 63 ತವರ, ಶೇ. 37 ಸೀಸ ಇರುವ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತವರ, ಬೆಳ್ಳಿ, ತಾಮ್ರ ಸೇರಿದ ಸೀಸರಹಿತ ಸೋಲ್ಡರ್ ಕರಗಲು ಸುಮಾರು 217ರಿಂದ 220 ಡಿಗ್ರಿ ಬೇಕು.

ಕರಗಿದ ತವರ ಬಿಸಿ ತಾಮ್ರವನ್ನು ಮುಟ್ಟಿದಾಗ ಎರಡೂ ಸೇರಿ ತೆಳುವಾದ ಸಂಯುಕ್ತದ ಪದರವೊಂದು ಉಂಟಾಗುತ್ತದೆ. ನಿಜವಾದ ಜೋಡಣೆ ಎಂದರೆ ಈ ಪದರವೇ. ಅದು ಮೂಡಬೇಕಾದರೆ ತಾಮ್ರವೂ ಬಿಸಿಯಾಗಿರಬೇಕು, ಅದರ ಮೇಲೆ ಆಕ್ಸೈಡ್ ಇರಬಾರದು. ಆಕ್ಸೈಡನ್ನು ತೊಲಗಿಸುವ ಕೆಲಸ ಫ್ಲಕ್ಸ್‌ನದು. ತಣ್ಣಗಿರುವ ಪಿನ್ನಿನ ಮೇಲೆ ಕರಗಿದ ಸೋಲ್ಡರ್ ಬಿದ್ದರೆ, ಅದು ತಾವರೆ ಎಲೆಯ ಮೇಲಿನ ನೀರಿನಂತೆ ಕುಳಿತಿರುತ್ತದೆಯೇ ಹೊರತು ಬೆಸೆದುಕೊಳ್ಳುವುದಿಲ್ಲ. ಇದನ್ನೇ 'ಕೋಲ್ಡ್ ಜಾಯಿಂಟ್' ಎನ್ನುತ್ತಾರೆ.

ಒಂದು ಕೀಲಿಯೋ, ಇಡೀ ಸಾಲೋ?

ಕೀಬೋರ್ಡಿನಲ್ಲಿ ಪ್ರತಿ ಕೀಲಿಗೂ ಪ್ರತ್ಯೇಕ ತಂತಿ ಇರುವುದಿಲ್ಲ. ಕೀಲಿಗಳನ್ನು ಅಡ್ಡಸಾಲು ಮತ್ತು ಕಂಬಸಾಲುಗಳ ಜಾಲದಲ್ಲಿ ಜೋಡಿಸಿರುತ್ತಾರೆ. 6 ಅಡ್ಡಸಾಲು, 18 ಕಂಬಸಾಲು ಇದ್ದರೆ 24 ಸಂಪರ್ಕಗಳಲ್ಲೇ 108 ಕೀಲಿಗಳನ್ನು ಗುರುತಿಸಬಹುದು. ಸಾಮಾನ್ಯವಾಗಿ ಪ್ರತಿ ಸ್ವಿಚ್ಚಿನ ಜೊತೆ ಒಂದು ಡಯೋಡ್ ಕೂಡ ಇರುತ್ತದೆ.

ಹಾಗಾಗಿ ಮೊದಲು ಎಲ್ಲ ಕೀಲಿಗಳನ್ನೂ ಒತ್ತಿ ನೋಡಬೇಕು. ಹಲವು ಕೀಲಿಗಳು ಒಟ್ಟಿಗೆ ಕೆಟ್ಟಿದ್ದರೆ ಆ ಸಾಲಿನ ತಾಮ್ರದ ದಾರಿ ತುಂಡಾಗಿರಬಹುದು, ಇಲ್ಲವೇ ನಿಯಂತ್ರಕ ಚಿಪ್ಪಿನ ಬೆಸುಗೆ ಬಿಟ್ಟಿರಬಹುದು. ಆಗ ಸ್ವಿಚ್ಚುಗಳನ್ನು ಕಾಯಿಸಿ ಪ್ರಯೋಜನವಿಲ್ಲ. ಒಂದೇ ಕೀಲಿ ಕೆಟ್ಟಿದ್ದರೆ ಸ್ವಿಚ್, ಅದರ ಎರಡು ಬೆಸುಗೆಗಳು, ಡಯೋಡ್ ಮತ್ತು ಅವುಗಳ ನಡುವಿನ ದಾರಿಯನ್ನಷ್ಟೇ ಪರೀಕ್ಷಿಸಿದರೆ ಸಾಕು.

ಚಿಮುಟದ ಪರೀಕ್ಷೆ

ಸ್ವಿಚ್ಚನ್ನು ಕಿತ್ತು ಬದಲಿಸಬಹುದಾದ 'ಹಾಟ್‌ಸ್ವಾಪ್' ಕೀಬೋರ್ಡ್ ಆಗಿದ್ದರೆ ಮೊದಲು ಸ್ವಿಚ್ ತೆಗೆದು ನೋಡಿ. ಪಿನ್ ಮಡಚಿಕೊಂಡಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಸ್ವಿಚ್ಚುಗಳಿಗೆ ನೇರವಾಗಿ ಬೆಸುಗೆ ಹಾಕಿದ್ದರೆ ಬೋರ್ಡನ್ನು ಹೊರತೆಗೆದು, ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ. ಲೋಹದ ಚಿಮುಟದ ಎರಡು ತುದಿಗಳನ್ನು ಬೋರ್ಡಿನ ಹಿಂಬದಿಯಲ್ಲಿ ಆ ಸ್ವಿಚ್ಚಿನ ಎರಡು ಪ್ಯಾಡುಗಳಿಗೆ ಮುಟ್ಟಿಸಿ. ಪ್ಯಾಡ್ ಎಂದರೆ ಪಿನ್ನಿನ ಸುತ್ತ ಇರುವ ತಾಮ್ರದ ಬಳೆ. ಯುಎಸ್‌ಬಿಯಲ್ಲಿ ಬರುವುದು 5 ವೋಲ್ಟ್ ಮಾತ್ರ, ಶಾಕ್ ಹೊಡೆಯುವುದಿಲ್ಲ. ಆದರೆ ಚಿಮುಟ ಬೇರೆ ಭಾಗಗಳಿಗೆ ತಾಗಬಾರದು.

ಅಕ್ಷರ ಮೂಡಿದರೆ ಬೋರ್ಡ್ ಮತ್ತು ಡಯೋಡ್ ಸರಿಯಾಗಿವೆ, ತೊಂದರೆ ಇರುವುದು ಸ್ವಿಚ್ಚಿನಲ್ಲಿ ಅಥವಾ ಅದರ ಬೆಸುಗೆಯಲ್ಲಿ. ಈಗ ಕೇಬಲ್ ಕಳಚಿ, ಕೀಲಿಯನ್ನು ಒತ್ತಿ ಹಿಡಿದು, ಮಲ್ಟಿಮೀಟರಿನ ಕಡ್ಡಿಗಳನ್ನು ಎರಡೂ ಪಿನ್ನುಗಳ ತುದಿಗೆ ಮುಟ್ಟಿಸಿ. 'ಬೀಪ್' ಬಂದರೆ ಸ್ವಿಚ್ ಚೆನ್ನಾಗಿದೆ, ತಪ್ಪು ಬೆಸುಗೆಯದು. ಬಾರದಿದ್ದರೆ ಸ್ವಿಚ್ಚನ್ನೇ ಬದಲಿಸಬೇಕು.

ಚಿಮುಟ ಮುಟ್ಟಿಸಿದರೂ ಅಕ್ಷರ ಮೂಡದಿದ್ದರೆ ಡಯೋಡ್ ಅಥವಾ ತಾಮ್ರದ ದಾರಿಯನ್ನು ಅನುಮಾನಿಸಬೇಕು. ಕೇಬಲ್ ಕಳಚಿ, ಮಲ್ಟಿಮೀಟರನ್ನು ಡಯೋಡ್ ಸ್ಥಾನದಲ್ಲಿಟ್ಟು ನೋಡಿ. ಸಾಮಾನ್ಯ ಸಿಲಿಕಾನ್ ಡಯೋಡ್ ಒಂದು ದಿಕ್ಕಿನಲ್ಲಿ 0.5ರಿಂದ 0.7 ವೋಲ್ಟ್ ತೋರಿಸಬೇಕು, ಇನ್ನೊಂದು ದಿಕ್ಕಿನಲ್ಲಿ ಏನನ್ನೂ ತೋರಿಸಬಾರದು.

ಹೊಳಪಿಲ್ಲದಿದ್ದರೆ ದೋಷವೇ?

ಒಳ್ಳೆಯ ಬೆಸುಗೆ ಪಿನ್ನಿನಿಂದ ಪ್ಯಾಡಿನ ಅಂಚಿನವರೆಗೆ ಪುಟ್ಟ ಗುಡ್ಡದ ಇಳಿಜಾರಿನಂತೆ ಹರಡಿರುತ್ತದೆ. ಗುಂಡನೆಯ ಮಣಿಯಂತಿದ್ದರೆ ಅಥವಾ ಪಿನ್ನಿನ ಸುತ್ತ ಸಣ್ಣ ಬಿರುಕಿನ ಉಂಗುರ ಕಂಡರೆ ಅದು ದೋಷದ ಸುಳಿವು. ಮಂಕಾಗಿದೆ ಎಂಬುದೊಂದೇ ಕಾರಣ ಸಾಲದು, ಏಕೆಂದರೆ ಸೀಸರಹಿತ ಬೆಸುಗೆ ಚೆನ್ನಾಗಿದ್ದಾಗಲೂ ತುಸು ಮಂಕಾಗಿಯೇ ಕಾಣುತ್ತದೆ.

ಸರಿಪಡಿಸುವ ಕ್ರಮ

ಕೇಬಲ್ ಕಳಚಿರುವುದನ್ನು ಖಚಿತಪಡಿಸಿಕೊಳ್ಳಿ. ಸ್ವಿಚ್ ಬೋರ್ಡಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಕೂರದಿದ್ದರೆ ಪ್ರತಿ ಒತ್ತಿನ ಭಾರವೂ ಬೆಸುಗೆಯ ಮೇಲೆ ಬೀಳುತ್ತದೆ. ಆಮೇಲೆ ಸ್ವಲ್ಪ ಫ್ಲಕ್ಸ್ ಹಚ್ಚಿ, ಸುಮಾರು 350 ಡಿಗ್ರಿಗೆ ಕಾದ ಐರನ್ನಿನ ತುದಿ ಪಿನ್ ಮತ್ತು ಪ್ಯಾಡ್ ಎರಡನ್ನೂ ಒಟ್ಟಿಗೆ ಮುಟ್ಟುವಂತೆ ಹಿಡಿಯಿರಿ. ಒಂದೆರಡು ಸೆಕೆಂಡಿನ ನಂತರ ಇನ್ನೊಂದು ಬದಿಯಿಂದ ಚೂರೇ ಚೂರು ಸೋಲ್ಡರ್ ಕೊಡಿ. ಮೊದಲು ಸೋಲ್ಡರ್ ತಂತಿಯನ್ನು, ಬಳಿಕ ಐರನ್ನನ್ನು ತೆಗೆಯಿರಿ. ಬೆಸುಗೆ ಗಟ್ಟಿಯಾಗುವವರೆಗೆ ಬೋರ್ಡ್ ಅಲುಗಾಡಬಾರದು.

ಇಷ್ಟೂ ನಾಲ್ಕೈದು ಸೆಕೆಂಡಿನಲ್ಲಿ ಮುಗಿಯಬೇಕು. ಹೆಚ್ಚು ಹೊತ್ತು ಕಾಯಿಸಿದರೆ ಪ್ಯಾಡ್ ಬೋರ್ಡಿನಿಂದ ಎದ್ದುಬರುತ್ತದೆ. ಎದ್ದೇಬಿಟ್ಟಿದ್ದರೆ ಅದರ ಮೇಲೆ ಬೆಸುಗೆ ಸುರಿದು ಉಪಯೋಗವಿಲ್ಲ. ಪಿನ್ನಿನಿಂದ ಅದೇ ತಾಮ್ರದ ದಾರಿಯ ಮುಂದಿನ ಬಿಂದುವಿಗೆ ತೆಳುವಾದ ತಂತಿಯನ್ನು ಬೆಸೆಯಬೇಕಾಗುತ್ತದೆ.

ಹೊಗೆಯಲ್ಲಿ ಸೀಸ ಇದೆಯೇ?

ಬೆಸುಗೆ ಹಾಕುವಾಗ ಏಳುವ ಹೊಗೆ ಸೀಸದ್ದೆಂದು ಹಲವರು ತಿಳಿದಿದ್ದಾರೆ. ಸೀಸ ಕುದಿಯುವುದು 1749 ಡಿಗ್ರಿಯಲ್ಲಿ, ಐರನ್ನಿನ ಬಿಸಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಕಾಣುವ ಹೊಗೆ ಫ್ಲಕ್ಸ್‌ನದು. ಹಾಗೆಂದು ಅದು ನಿರುಪದ್ರವಿಯಲ್ಲ. ಫ್ಲಕ್ಸ್‌ನಲ್ಲಿರುವ ಪೈನ್ ಮರದ ರಾಳದ ಹೊಗೆಯಿಂದ ಆಸ್ತಮಾ ಬರಬಹುದು, ಇದ್ದರೆ ಉಲ್ಬಣಿಸಬಹುದು. ಕಿಟಕಿ ತೆರೆದು, ಮುಖವನ್ನು ಹೊಗೆಯಿಂದ ದೂರವಿಟ್ಟು ಕೆಲಸ ಮಾಡಿ.

ಸೀಸ ದೇಹ ಸೇರುವುದು ಹೆಚ್ಚಾಗಿ ಕೈಯಿಂದ ಬಾಯಿಗೆ. ಆದ್ದರಿಂದ ಊಟದ ಮೇಜಿನ ಮೇಲೆ ಈ ಕೆಲಸ ಬೇಡ. ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ಸೋಲ್ಡರಿನ ಚೂರುಗಳು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಕೊನೆಯದಾಗಿ, ಕೀಬೋರ್ಡನ್ನು ಪೂರ್ತಿ ಜೋಡಿಸುವ ಮೊದಲೇ ಕೇಬಲ್ ಹಾಕಿ, ಆ ಕೀಲಿಯನ್ನೂ ಅದರ ಅಕ್ಕಪಕ್ಕದವನ್ನೂ ಹತ್ತಾರು ಬಾರಿ ಒತ್ತಿ ನೋಡಿ. ಸ್ಕ್ರೂಗಳನ್ನು ಮತ್ತೆ ಬಿಚ್ಚುವ ಕೆಲಸ ತಪ್ಪುತ್ತದೆ.