ಬಲಗವಾಟದ ಸಾಕ್ಷ್ಯ

ಹೃದಯದ ಕವಾಟ ಕೆಟ್ಟಿತೆಂದರೆ ನಮ್ಮಲ್ಲಿ ಮೊದಲ ಶಂಕೆ ಬಾಲ್ಯದ ರುಮಾಟಿಕ್ ಜ್ವರದ ಮೇಲೆ. ಅದು ಹೆಚ್ಚಾಗಿ ಕೆಡಿಸುವುದು ಎಡಭಾಗದ ಮೈಟ್ರಲ್ ಕವಾಟವನ್ನು. ಬಲಭಾಗ ಮಾತ್ರ ಕೆಟ್ಟಿದ್ದರೆ ಕಾರಣ ಬೇರೆ ಇರಬಹುದೆಂಬ ತಿಳಿವಿಗೂ ಚರಿತ್ರೆಯಿದೆ. 1907ರಲ್ಲಿ ಜರ್ಮನಿಯ ವೈದ್ಯ ಓಬರ್ನ್‌ಡಾರ್ಫರ್ ಕರುಳಿನ ಒಂದು ಬಗೆಯ ಗಡ್ಡೆಗಳನ್ನು ‘ಕಾರ್ಸಿನಾಯ್ಡ್’ ಎಂದು ಕರೆದು, ನಿರುಪದ್ರವಿಯೆಂದೇ ಭಾವಿಸಿದ್ದರು. 1954ರಲ್ಲಿ ಸ್ವೀಡನ್ನಿನ ವೈದ್ಯರು ಅವಕ್ಕೂ ಬಲಗವಾಟಗಳ ಹಾನಿಗೂ ಇರುವ ನಂಟನ್ನು ತೋರಿಸಿದರು. ಗಡ್ಡೆ ಯಕೃತ್ತಿಗೆ ಹರಡಿದಾಗ ಅದು ಸ್ರವಿಸುವ ಸೆರೊಟೋನಿನ್ ನೇರವಾಗಿ ಬಲಹೃದಯ ಸೇರಿ ಕವಾಟಗಳನ್ನು ದಪ್ಪಗಾಗಿಸುತ್ತದೆ; ಶ್ವಾಸಕೋಶ ಅದನ್ನು ನಿಷ್ಕ್ರಿಯಗೊಳಿಸುವುದರಿಂದ ಎಡಭಾಗ ಸಾಮಾನ್ಯವಾಗಿ ಪಾರಾಗುತ್ತದೆ. ಇಷ್ಟು ಅಪರೂಪದ ರೋಗದ ಮಾತು ತುಂಗಾತೀರದ ಹರಿಹರಪುರದಂಥ ಊರಿಗೇಕೆ ಎನ್ನಬಹುದು. ಅಪರೂಪವಾದ್ದರಿಂದಲೇ ಅದು ತಡವಾಗಿ ಪತ್ತೆಯಾಗುತ್ತದೆ. ಮುಖ ಆಗಾಗ ಕೆಂಪೇರುವುದು, ನಿಲ್ಲದ ಭೇದಿ, ಕಾಲೂತ ಒಟ್ಟಿಗೆ ಕಂಡರೆ ಎಕೋ ಮತ್ತು ಮೂತ್ರ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು.