ಕಲ್ಲು, ಗಾಜು ಮತ್ತು ಮಾಯವಾಗುವ ಗೆರೆ

ಇತಿಹಾಸದ ಮೇಷ್ಟರಾಗಿ ನಾನು ಮಕ್ಕಳಿಗೆ ಹೇಳಿದ್ದೆಲ್ಲ ಮನುಷ್ಯ ಗೆದ್ದುದರ, ಕಟ್ಟಿದುದರ ಕಥೆಯನ್ನೇ. ನಿವೃತ್ತನಾದ ಮೇಲೆ ಲೀ ಉಫಾನ್ ಎಂಬ ಕಲಾವಿದರ ಕೃತಿಗಳ ಪರಿಚಯವಾದಾಗ, ಆ ಪಾಠ ಅಪೂರ್ಣವಾಗಿತ್ತೆನಿಸಿತು.

ಅವರು ಹುಟ್ಟಿದ್ದು 1936ರಲ್ಲಿ, ಕೊರಿಯಾದಲ್ಲಿ. ಆ ನಾಡು ಆಗ ಜಪಾನಿನ ವಸಾಹತು. 1956ರಲ್ಲಿ ಅದೇ ಜಪಾನಿಗೆ ತೆರಳಿ ತತ್ತ್ವಶಾಸ್ತ್ರವನ್ನು ವ್ಯಾಸಂಗ ಮಾಡಿದರು. 1960ರ ದಶಕದ ಕೊನೆಗೆ, ಜಪಾನು ಕೈಗಾರಿಕೆಯ ಭರಾಟೆಯಲ್ಲಿದ್ದಾಗ, 'ಮೊನೊ-ಹಾ' ಎಂಬ ಕಲಾಪಂಥಕ್ಕೆ ತಾತ್ತ್ವಿಕ ನೆಲೆಗಟ್ಟು ಒದಗಿಸಿದರು. 'ಮೊನೊ' ಎಂದರೆ ವಸ್ತು. ಕಲ್ಲು, ಮರ, ಉಕ್ಕುಗಳನ್ನು ಆದಷ್ಟೂ ತಿದ್ದದೆ, ಇದ್ದಂತೆಯೇ ಎದುರುಬದುರು ಇರಿಸುವುದು ಆ ಪಂಥದ ರೀತಿ. ಉಕ್ಕಿನ ತಗಡು, ಅದರ ಮೇಲೆ ಗಾಜು, ಗಾಜನ್ನು ಸೀಳಿ ಕುಳಿತ ಕಲ್ಲು: ಲೀ ಅವರ ಪ್ರಸಿದ್ಧ ಶಿಲ್ಪವೊಂದರಲ್ಲಿ ಇರುವುದು ಇಷ್ಟೇ. ಆದರೆ ಗಾಜು ಬಿರಿದುದರಿಂದಲೇ ಕಲ್ಲಿನ ಭಾರ ನಮ್ಮ ಕಣ್ಣಿಗೆ ಕಾಣುತ್ತದೆ!

1970ರ ದಶಕದ ಅವರ ಚಿತ್ರಗಳಲ್ಲಿ, ಬಣ್ಣದಲ್ಲಿ ಅದ್ದಿದ ಕುಂಚ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಬಣ್ಣ ತೀರಿದಂತೆ ಗೆರೆಯೂ ಮಾಯ. ಪಕ್ಕದಲ್ಲಿ ಮತ್ತೊಂದು ಗೆರೆ. ಕರಿಹಲಗೆಯ ಮೇಲೆ ದಿನವೂ ಬರೆದು ಅಳಿಸಿದ ನನಗೆ ಇದು ಅಪರಿಚಿತವೆನಿಸಲಿಲ್ಲ.

2010ರಲ್ಲಿ ಜಪಾನಿನ ನವೊಶಿಮಾ ದ್ವೀಪದಲ್ಲಿ, ತಡಾವೊ ಆಂಡೊ ವಿನ್ಯಾಸಗೊಳಿಸಿದ ಲೀ ಉಫಾನ್ ವಸ್ತುಸಂಗ್ರಹಾಲಯ ತೆರೆಯಿತು. ಆಳಿದವರ ನೆಲದಲ್ಲಿ ಆಳಿಸಿಕೊಂಡವರ ಮಗನ ಹೆಸರು! ಇದನ್ನು ಗೆಲುವೆಂದು ಬರೆಯಲು ನನ್ನೊಳಗಿನ ಮೇಷ್ಟರು ಆತುರಪಟ್ಟರು. ಆದರೆ ಆ ಕಲ್ಲು ಗೆಲುವಿನ ಮಾತಾಡುವುದಿಲ್ಲ. ಮುಟ್ಟದೆ ಉಳಿಸಿದುದಕ್ಕೂ ಚರಿತ್ರೆಯುಂಟೆಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳದೆ ಹೋದೆನಲ್ಲ ಎಂಬ ಕೊರಗು ಮಾತ್ರ ಉಳಿದಿದೆ.